ಗೆರೆ ಇಲ್ಲದ ಚುಕ್ಕಿಗಳು

ಈ ಮೇ ತಿಂಗಳಲ್ಲಿ ಮತ್ತೆ ಮೂಡುಬಿದಿರೆಗೆ ಮೌಲ್ಯಮಾಪನಕ್ಕೆ ಹೋದೆ. ಬಸ್ಸಿಳಿದು ಕೇಂದ್ರದ ಕಡೆಗೆ ನಡೆಯುವ ದಾರಿಯಲ್ಲಿ ಒಂದು ಗೇರುಬೀಜದ ಕಾರ್ಖಾನೆಯಿದೆ. ಅಲ್ಲಿಂದ ಬರುವ ಹೊಗೆ ಮೊದಲು ಹಸಿವೆ ಹುಟ್ಟಿಸುವಂತಿರುತ್ತದೆ. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಗಂಟಲು ಕೆರೆಯತೊಡಗುತ್ತದೆ. ಕೇಂದ್ರದ ಹಾಲ್‌ನಲ್ಲಿ ಫ್ಯಾನು ತಿರುಗಿದಷ್ಟೂ ಆ ಹೊಗೆ ಒಳಗೆ ಬರುತ್ತದೆ. ಕಿಟಕಿ ಮುಚ್ಚಿದರೆ ಸೆಕೆ. ಹಾಗಾಗಿ ಎಲ್ಲರೂ ಕೆಮ್ಮುತ್ತಲೇ ಉತ್ತರಪತ್ರಿಕೆ ತಿದ್ದುತ್ತಾರೆ.

ಸೆರಗನ್ನು ಮೂಗಿಗೆ ಹಿಡಿದುಕೊಂಡು ಗೇಟು ದಾಟುವಾಗ ನನಗೆ ಶಂಭು ಸರ್ ಅವರ ಆ ವರ್ಷ ನೆನಪಾಯಿತು. ಅದನ್ನು ನಾನು ಯಾರ ಹತ್ತಿರವೂ ಪೂರ್ತಿಯಾಗಿ ಹೇಳಿದವಳಲ್ಲ. ಆಗ ಕಂಡದ್ದನ್ನು, ಕೇಳಿದ್ದನ್ನು ಕ್ರಮವಾಗಿ ಬರೆಯುತ್ತೇನೆ.

ನಾನು ಅರ್ಥಶಾಸ್ತ್ರದ ಅಧ್ಯಾಪಕಿ. ಬೆಳ್ತಂಗಡಿ ತಾಲೂಕಿನ ಒಂದು ಕಾಲೇಜಿನಲ್ಲಿ ಕೆಲಸ. ಮನೆ ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆಯ ಹತ್ತಿರ. ವಿಭಾಗದಲ್ಲಿ ಇದ್ದದ್ದು ಇಬ್ಬರೇ, ಶಂಭು ಸರ್ ಮತ್ತು ನಾನು. ಸರ್ ವಿಟ್ಲದ ಕಡೆಯವರು. ನನಗಿಂತ ತುಂಬ ಹಿರಿಯರು. ದೇಶದ ಬೆಲೆ, ಉದ್ಯೋಗ, ಉತ್ಪಾದನೆ ಎಲ್ಲವನ್ನೂ ಒಟ್ಟಾಗಿ ನೋಡುವ ಸಮಗ್ರ ಅರ್ಥಶಾಸ್ತ್ರವನ್ನು ಕಲಿಸಿಯೇ ಅವರ ಕೂದಲು ಬೆಳ್ಳಗಾಗಿತ್ತು. ಆ ಪಾಠದಲ್ಲಿ ಒಂದು ರೇಖೆ ಬರುತ್ತದೆ. ಒಂದು ಬದಿಯಲ್ಲಿ ಹಣದುಬ್ಬರ, ಇನ್ನೊಂದು ಬದಿಯಲ್ಲಿ ನಿರುದ್ಯೋಗ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಎಂದು ತೋರಿಸುವ ಇಳಿಜಾರು ರೇಖೆ. ಶಂಭು ಸರ್ ಅದನ್ನು ಕೈ ಎತ್ತದೆ ಒಂದೇ ಎಳೆತದಲ್ಲಿ ಎಳೆಯುತ್ತಿದ್ದರು. ಭುಜದಿಂದ ಶುರುವಾಗಿ ಮೊಣಕೈಯಲ್ಲಿ ಬಾಗಿ ಬೆರಳಲ್ಲಿ ಮುಗಿಯುವ ಎಳೆತ. ಪ್ರತಿ ವರ್ಷವೂ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ನನಗೆ ಆ ಸದ್ದಿನಿಂದಲೇ, ಇವತ್ತು ಸರ್ ಅಲ್ಲಿಗೆ ಮುಟ್ಟಿದರು ಎಂದು ತಿಳಿಯುತ್ತಿತ್ತು.

ಆ ವರ್ಷ ಚಪ್ಪಾಳೆ ಕೇಳಲಿಲ್ಲ.

ಕೊರೊನಾ ಮುಗಿದು ಜಗತ್ತಿನಲ್ಲೆಲ್ಲ ಬೆಲೆ ಏರಿದ ಕಾಲ ಅದು. ದೊಡ್ಡ ದೊಡ್ಡ ಬ್ಯಾಂಕುಗಳಲ್ಲಿ ಕುಳಿತ ನಮ್ಮ ಶಾಸ್ತ್ರದ ಪಂಡಿತರು ಇದು ತಾತ್ಕಾಲಿಕ ಎಂದರು. ಆಮೇಲೆ ಅಲ್ಲ ಎಂದರು. ಬೆಲೆ ಇಳಿಯಬೇಕಾದರೆ ಕೆಲವು ದೇಶಗಳಲ್ಲಿ ಬಹಳ ಜನ ಕೆಲಸ ಕಳೆದುಕೊಳ್ಳಲೇಬೇಕು ಎಂದರು. ಬೆಲೆ ಏರುವ ವೇಗ ಇಳಿಯತೊಡಗಿತು, ಹೇಳಿದಷ್ಟು ಕೆಲಸ ಹೋಗಲಿಲ್ಲ. ಸರ್ ಇದನ್ನೆಲ್ಲ ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ದಿನವೂ ಓದುತ್ತಿದ್ದರು. ಬಿಡುವಿನಲ್ಲಿ ನನ್ನ ಕಡೆ ಕುರ್ಚಿ ತಿರುಗಿಸಿ ಕುಳಿತುಕೊಳ್ಳುತ್ತಿದ್ದರು.

“ಶೈಲಾ, ನಮ್ಮ ಮಾಡೆಲಿನಲ್ಲಿ ಇಡೀ ದೇಶಕ್ಕೆ ಒಂದೇ ಮನೆ ಇರುವುದು, ಗೊತ್ತುಂಟಲ್ಲ? ಆ ಮನೆಯವರಿಗೆ ಸಾವಿಲ್ಲ. ಪಾಲಿನ ಜಗಳ ಇಲ್ಲ. ಮುಂದಿನ ನೂರು ವರ್ಷದ ಲೆಕ್ಕ ಇವತ್ತೇ ಮಾಡಿ ಇಡ್ತಾರೆ. ನಿಮ್ಮ ಬಂಟ್ವಾಳ ತಾಲೂಕಿನಲ್ಲಿ ಅಂಥ ಮನೆ ಒಂದಾದರೂ ಉಂಟಾ?”

“ಸಾವಿಲ್ಲದ್ದು ಇಲ್ಲ ಸರ್. ಜಗಳ ಇಲ್ಲದ್ದಂತೂ ಇಲ್ಲವೇ ಇಲ್ಲ.”

ಅವರು ನಗುತ್ತಿದ್ದರು. ಆದರೆ ಆ ವರ್ಷ ಅವರ ನಗು ಬೇಗ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಊಟದ ಬುತ್ತಿ ಮುಚ್ಚುತ್ತಾ ಹೇಳಿದರು. “ತಪ್ಪಿದ್ದು ದೊಡ್ಡ ಸಂಗತಿ ಅಲ್ಲ. ಡಾಕ್ಟರಿಗೂ ತಪ್ಪುತ್ತದೆ. ಆದರೆ ಅವರು ಹೆಣ ಕೊಯ್ದು ನೋಡ್ತಾರೆ, ಯಾಕೆ ಹೋದ ಅಂತ. ನಾವು ನೋಡುವುದಿಲ್ಲ. ಪುಸ್ತಕದ ಹೊಸ ಆವೃತ್ತಿ ತರ್ತೇವೆ.”

ಜನವರಿಯಲ್ಲಿ ಕೊನೆಯ ಸೆಮಿಸ್ಟರ್ ಶುರುವಾಯಿತು. ಸರ್ ಇಳಿಜಾರು ರೇಖೆಯ ಪಾಠಕ್ಕೆ ಬಂದಾಗ ಅದನ್ನು ಬೋರ್ಡಿನ ಮೇಲೆ ಎಳೆಯಲಿಲ್ಲ. ಮಕ್ಕಳ ಕೈಗೆ ಗ್ರಾಫ್ ಹಾಳೆ ಕೊಟ್ಟರು. ಸರಕಾರಗಳು ಪ್ರಕಟಿಸಿದ ಅಂಕಿಗಳನ್ನು ಕೊಟ್ಟರು. ನಮ್ಮ ದೇಶದಲ್ಲಿ ನಿರುದ್ಯೋಗದ ವಾರ್ಷಿಕ ಲೆಕ್ಕ ಸಿಗತೊಡಗಿ ಹೆಚ್ಚು ಕಾಲವಾಗಿರದ ಕಾರಣ ಹೊರಗಿನ ಎರಡು ದೇಶಗಳದ್ದನ್ನೂ ಸೇರಿಸಿದರು. ಒಂದೊಂದು ವರ್ಷಕ್ಕೆ ಒಂದೊಂದು ಚುಕ್ಕಿ. ಮಕ್ಕಳು ಚುಕ್ಕಿ ಇಟ್ಟು ಮುಗಿಸಿದ ಮೇಲೆ ಹಾಳೆಗಳನ್ನು ಗೋಡೆಗೆ ಅಂಟಿಸಿದರು. ನಾನು ಹೋಗಿ ನೋಡಿದೆ. ಒಂದು ಹಾಳೆಯಲ್ಲಿ ಚುಕ್ಕಿಗಳು ಮೂಲೆಯಲ್ಲಿ ಗುಂಪಾಗಿದ್ದವು. ಇನ್ನೊಂದರಲ್ಲಿ ಕೋಳಿ ಕೆದಕಿದ ಅಂಗಳದ ಹಾಗೆ ಚೆಲ್ಲಿದ್ದವು. ಯಾವುದರಲ್ಲೂ ಪುಸ್ತಕದ ಗೆರೆ ಇರಲಿಲ್ಲ.

ಆ ತರಗತಿಯಲ್ಲಿ ನಾರಾವಿಯ ಅಶ್ವಿತಾ ಎಂಬ ಹುಡುಗಿ ಇದ್ದಳು. ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಇವಳಿಗೆ ಅರ್ಥಶಾಸ್ತ್ರದಲ್ಲೇ ಎಂ.ಎ. ಮಾಡಬೇಕೆಂಬ ಆಸೆ. ಹಲವು ವರ್ಷಗಳಿಂದ ನಮ್ಮಲ್ಲಿ ಯಾರೂ ಅದನ್ನು ಬಯಸಿರಲಿಲ್ಲ. ಬಿ.ಎ.ಗೆ ಬರುವವರೇ ಕಡಿಮೆ. ಬಂದವರೂ ಬಿ.ಎಡ್. ಕಡೆಗೋ ಸೊಸೈಟಿಯ ಕೆಲಸದ ಕಡೆಗೋ ಹೋಗುತ್ತಿದ್ದರು. ಅಶ್ವಿತಾ ಹೊರಗಿನ ಒಂದು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಸರ್ ಅವಳಿಗಾಗಿ ತಮ್ಮ ಪುಸ್ತಕಗಳನ್ನು ಬಸ್ಸಿನಲ್ಲಿ ಹೊತ್ತು ತರುತ್ತಿದ್ದರು.

ಹಾಳೆ ನೋಡಿ ಅವಳು ಕೇಳಿದಳು. “ಸರ್, ನಿರುದ್ಯೋಗದ ಅಂಕಿಯೇ ಸರಿ ಉಂಟಾ? ಅಮ್ಮನ ಹತ್ತಿರ ಯಾರಾದರೂ ಕೇಳಿದರೆ ‘ನಾನು ಮನೆಯಲ್ಲೇ ಇರುವುದು, ಕೆಲಸ ಇಲ್ಲ’ ಅಂತಾರೆ. ಹಾಗೆ ಹೇಳುವಾಗಲೂ ಮಡಿಲಲ್ಲಿ ಬೀಡಿಯ ಮೊರ, ಕೈಯಲ್ಲಿ ಎಲೆ ಇರ್ತದೆ.”

“ಅವರನ್ನು ಯಾವ ಚುಕ್ಕಿಯಲ್ಲಿ ಹಾಕುವುದು ಅಂತ ನನಗೂ ಗೊತ್ತಿಲ್ಲ” ಎಂದರು ಸರ್.

ಮರುದಿನ ಅವರು ತರಗತಿಯನ್ನು ಕಾಲೇಜಿನ ಹಿಂದಿನ ಹಳ್ಳಕ್ಕೆ ಕರೆದುಕೊಂಡು ಹೋದರು. ನಾನೂ ಹೋದೆ. ಹಳ್ಳಕ್ಕೆ ಕಿಂಡಿ ಅಣೆಕಟ್ಟು ಕಟ್ಟಿದ್ದಾರೆ. ಸಾಲು ಕಂಬಗಳ ನಡುವೆ ಕಿಂಡಿ ಬಿಟ್ಟು, ಮಳೆ ನಿಂತ ಮೇಲೆ ಅದಕ್ಕೆ ಹಲಗೆ ಜೋಡಿಸಿ ನೀರು ನಿಲ್ಲಿಸುವ ಸಣ್ಣ ಕಟ್ಟೆ. ಹಲಗೆಗಳ ಸಂದಿನಿಂದ ನೀರು ಸಣ್ಣಗೆ ಸೋರುತ್ತಿತ್ತು. ಸರ್ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ನಿಂತರು.

“ಹಲಗೆ ಯಾವಾಗ ಹಾಕುವುದು?”

“ಮಳೆ ಬಿಟ್ಟ ಮೇಲೆ ಸರ್. ನೀರು ಕಡಿಮೆಯಾದ ಹಾಗೆ ಒಂದೊಂದೇ ಏರಿಸುವುದು.”

“ಆಯ್ತು. ಈಗ ದೂರದಿಂದ ಒಬ್ಬ ಬರ್ತಾನೆ. ಅವನಿಗೆ ಹಳ್ಳವೂ ಗೊತ್ತಿಲ್ಲ, ಮಳೆಯೂ ಗೊತ್ತಿಲ್ಲ. ಹಲಗೆ ಎಷ್ಟು, ನೀರು ಎಷ್ಟು ಎತ್ತರ, ಇದನ್ನು ಮಾತ್ರ ವಾರ ವಾರ ಬರೀತಾನೆ. ಹಲಗೆ ಏರಿತು, ನೀರು ಇದ್ದಲ್ಲೇ ಉಂಟು. ಇನ್ನೂ ಏರಿತು, ನೀರು ಇದ್ದಲ್ಲೇ ಉಂಟು. ಕೊನೆಗೆ ಎಂತ ಹೇಳ್ತಾನೆ?”

“ಹಲಗೆಯಿಂದ ಏನೂ ಪ್ರಯೋಜನ ಇಲ್ಲ ಅಂತ ಹೇಳ್ತಾನೆ ಸರ್.”

“ಹೌದಾ? ಹಾಗಾದರೆ ಹಲಗೆ ತೆಗೆಯುವನಾ?”

“ತೆಗೆದರೆ ಮೇಲಿನ ತೋಟದವರು ಕತ್ತಿ ಹಿಡ್ಕೊಂಡು ಬರ್ತಾರೆ ಸರ್” ಎಂದು ಹಿಂದಿನಿಂದ ಯಾರೋ ಹೇಳಿದರು. ಎಲ್ಲರೂ ನಕ್ಕರು.

ಅಶ್ವಿತಾ ನಗಲಿಲ್ಲ. “ಆದರೆ ಸರ್, ಇಲ್ಲಿ ಒರತೆ ಇದ್ದು, ನೀರು ಅದರಿಂದಲೇ ನಿಂತಿದ್ದರೆ? ಹಲಗೆಯಿಂದ ನಿಜವಾಗಿ ಪ್ರಯೋಜನ ಇಲ್ಲದಿದ್ದರೂ ಅವನ ಅಂಕಿ ಹೀಗೆಯೇ ಇರ್ತದಲ್ಲ?”

ಸರ್ ಅವಳ ಕಡೆಗೆ ತಿರುಗಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೆಯೂ ಕಾಣಲಿಲ್ಲ.

“ಇರ್ತದೆ. ಅದೇ ವಿಷಯ. ದೇಶದಲ್ಲಿ ಬಡ್ಡಿ, ತೆರಿಗೆ ಇವೇ ಹಲಗೆ. ಸರಕಾರವೂ ಬ್ಯಾಂಕೂ ದಿನಾ ಹಲಗೆ ಏರಿಸ್ತಾ ಇಳಿಸ್ತಾ ಇರುವಾಗ ಚುಕ್ಕಿಗಳಲ್ಲಿ ಗೆರೆ ಕಾಣದೆ ಹೋಗಬಹುದು. ಗೆರೆಯೇ ಇಲ್ಲದಿದ್ದರೂ ಕಾಣುವುದಿಲ್ಲ. ಎರಡರಲ್ಲಿ ಯಾವುದು ಅಂತ ಚುಕ್ಕಿ ನೋಡಿ ಹೇಳ್ಲಿಕ್ಕೆ ಆಗುವುದಿಲ್ಲ. ಗೊತ್ತಾಗಬೇಕಾದರೆ ಹಲಗೆ ತೆಗೆದು ನೋಡಬೇಕು. ಒಂದು ದೇಶದಲ್ಲಿ ಹಾಗೆ ತೆಗೆದು ನೋಡ್ಲಿಕ್ಕೆ ಯಾರು ಬಿಡ್ತಾರೆ? ನಮ್ಮ ಶಾಸ್ತ್ರ ಈಗ ನಿಂತಿರುವುದು ಇಲ್ಲಿ.” ಆಮೇಲೆ ಅಭ್ಯಾಸಬಲದಿಂದ ಒಂದು ಮಾತು ಸೇರಿಸಿದರು. “ಬರೆದುಕೊಳ್ಳಿ.”

ಮಕ್ಕಳು ಬಗ್ಗಿ, ಮೊಣಕಾಲ ಮೇಲೆ ಪುಸ್ತಕ ಇಟ್ಟು ಬರೆದುಕೊಂಡರು. ಸರ್ ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಹೇಳಿದರು. ನಮ್ಮ ಕಡೆಯ ಕಾಲೇಜುಗಳಲ್ಲಿ ಪಾಠವೆಂದರೆ ಕೊನೆಗೆ ಹಾಗೆಯೇ, ಹೇಳಿದ್ದನ್ನು ಬರೆದುಕೊಳ್ಳುವುದು. ಅವರೂ ಹಾಗೆ ಕಲಿತವರು, ನಾನೂ ಹಾಗೆ ಕಲಿತವಳು.

ಹಿಂತಿರುಗುವಾಗ ಅಶ್ವಿತಾ ಕೇಳಿದಳು. “ಪರೀಕ್ಷೆಗೆ ಯಾವುದು ಬರೆಯುವುದು ಸರ್? ಪುಸ್ತಕದ್ದಾ, ಇದಾ?”

“ಗೊತ್ತಿರುವುದನ್ನು ಬರೆಯಿರಿ” ಎಂದರು ಸರ್.

ಆ ವರ್ಷ ಮೇ ತಿಂಗಳಲ್ಲಿ ಮಳೆಯ ಸುಳಿವೇ ಇರಲಿಲ್ಲ. ಬಾವಿಗಳು ತಳ ಕಂಡಿದ್ದವು. ಮೌಲ್ಯಮಾಪನದ ಹಾಲ್‌ನಲ್ಲಿ ಗೇರುಸಿಪ್ಪೆಯ ಹೊಗೆ ನಿಂತುಕೊಂಡಿತ್ತು. ಮುಖ್ಯ ಮೌಲ್ಯಮಾಪಕರಾಗಿ ಬಂದಿದ್ದವರು ರಘುಚಂದ್ರ ಸರ್. ಎಂ.ಎ.ಯಲ್ಲಿ ಅವರು ಶಂಭು ಸರ್ ಅವರ ಸಹಪಾಠಿ. ಒಳ್ಳೆಯ ಮನುಷ್ಯ, ತಮಾಷೆಯವರು. ಶಂಭು ಸರ್ ಸಕ್ಕರೆ ಕಾಯಿಲೆಯಿಂದಾಗಿ ಆ ಸಲ ವಿನಾಯಿತಿ ಪಡೆದು ಬಂದಿರಲಿಲ್ಲ.

ಕೆಲಸದ ಕ್ರಮ ಹೀಗೆ. ಉತ್ತರಪತ್ರಿಕೆಗಳು ಕಟ್ಟು ಕಟ್ಟಾಗಿ ಬರುತ್ತವೆ. ಮೇಲೆ ಕಾಲೇಜಿನ ಹೆಸರು ಇರುವುದಿಲ್ಲ, ಸಂಕೇತ ಮಾತ್ರ. ನಮ್ಮ ಕೈಯಲ್ಲಿ ಸ್ಕೀಮ್ ಎಂಬ ಹಾಳೆ ಇರುತ್ತದೆ. ಯಾವ ಉತ್ತರದ ಯಾವ ಭಾಗಕ್ಕೆ ಎಷ್ಟು ಅಂಕ ಎಂದು ಅದರಲ್ಲಿ ಬರೆದಿರುತ್ತದೆ. ಇಳಿಜಾರು ರೇಖೆಯ ಪ್ರಶ್ನೆಗೆ ಅರ್ಥಕ್ಕೆ ಎರಡು, ಚಿತ್ರಕ್ಕೆ ನಾಲ್ಕು, ವಿವರಣೆಗೆ ನಾಲ್ಕು.

ನನ್ನ ಪಕ್ಕದ ಮೇಜಿನಲ್ಲಿ ಅತಿಥಿ ಉಪನ್ಯಾಸಕನೊಬ್ಬ ಕುಳಿತಿದ್ದ. ಮೊದಲ ಸಲ ಬಂದವನು. ಒಂದು ಕಟ್ಟು ಬಿಚ್ಚಿ ಅರ್ಧ ಮುಗಿಸುವಷ್ಟರಲ್ಲಿ ಅವನು ನನ್ನ ಕಡೆ ಬಾಗಿದ.

“ಮೇಡಂ, ಇಲ್ಲಿ ಯಾರೂ ರೇಖೆಯೇ ಎಳೆಯಲಿಲ್ಲ. ಬರೇ ಚುಕ್ಕಿ. ಮತ್ತೆ ಎಲ್ಲರೂ ಎಂತದೋ ಕಿಂಡಿ ಅಣೆಕಟ್ಟು ಅಂತ ಬರೆದಿದ್ದಾರೆ. ಇವರದ್ದು ಭೂಗೋಳ ಪೇಪರಾ?”

ನಾನು ನೋಡಿದೆ. ಒಂದರ ನಂತರ ಒಂದು ತಿರುವಿದೆ. ಎರಡು ಅಕ್ಷ, ನಡುವೆ ಚುಕ್ಕಿಗಳು, ಗೆರೆ ಇಲ್ಲ. ಕೆಳಗೆ ಎಲ್ಲರದ್ದರಲ್ಲೂ ಅದೇ ವಾಕ್ಯ, ಅದೇ ಅಲ್ಪವಿರಾಮ: “ಸರಕಾರವೂ ಬ್ಯಾಂಕೂ ದಿನಾ ಹಲಗೆ ಏರಿಸುತ್ತಾ ಇಳಿಸುತ್ತಾ ಇರುವಾಗ, ಚುಕ್ಕಿಗಳಲ್ಲಿ ಗೆರೆ ಕಾಣದೆ ಹೋಗಬಹುದು.” ಅಂದು ಹಳ್ಳದ ಬದಿಯಲ್ಲಿ ಸರ್ ಎರಡೆರಡು ಸಲ ಹೇಳಿದ ಮಾತು. ಮಕ್ಕಳು ಅದನ್ನು ಬಾಯಿಪಾಠ ಮಾಡಿದ್ದರು. ಗೊತ್ತಿಲ್ಲ ಎಂಬುದನ್ನೂ ಅವರು ಗೊತ್ತಿರುವ ಉತ್ತರದಂತೆ, ಅಂಡರ್‌ಲೈನ್ ಹಾಕಿ ಒಪ್ಪಿಸಿದ್ದರು.

ಹೊಗೆಯಿಂದಲೋ ಏನೋ, ನನ್ನ ಕಣ್ಣಲ್ಲಿ ನೀರು ಬಂತು. ನಾನು ಮಾತಾಡುವ ಮೊದಲೇ ಆ ಹುಡುಗ ಕಟ್ಟು ಎತ್ತಿಕೊಂಡು ರಘುಚಂದ್ರ ಸರ್ ಅವರ ಮೇಜಿಗೆ ಹೋದ. ಅವನು ಮಾಡಿದ್ದು ನಿಯಮದ ಪ್ರಕಾರ ಸರಿ. ಒಂದೇ ಕಟ್ಟಿನಲ್ಲಿ ಒಂದೇ ಬಗೆಯ ಉತ್ತರ ಕಂಡರೆ ತಿಳಿಸಬೇಕು.

ಮಧ್ಯಾಹ್ನ ನನ್ನನ್ನು ಕರೆದರು. ಅಷ್ಟರಲ್ಲಿ ಸಂಕೇತ ಬಿಡಿಸಿ ಕಾಲೇಜು ಯಾವುದೆಂದು ನೋಡಿ ಆಗಿತ್ತು. ನಾನು ಕಂಡದ್ದನ್ನು ಹೇಳಿದೆ. ಗ್ರಾಫ್ ಹಾಳೆ, ಹಳ್ಳ, ಹಲಗೆ, ಬರೆದುಕೊಳ್ಳಿ ಎಂದದ್ದು. ರಘುಚಂದ್ರ ಸರ್ ಕನ್ನಡಕ ತೆಗೆದು ಒರೆಸಿದರು.

“ನೀವು ಹೇಳಿದ್ದನ್ನು ನಾನು ನಂಬ್ತೇನೆ. ಆದರೆ ಇದನ್ನು ನೋಡಿ.” ಒಂದು ಉತ್ತರಪತ್ರಿಕೆಯನ್ನು ಬೇರೆಯಾಗಿ ಇಟ್ಟಿದ್ದರು. “ಉಳಿದವರದ್ದೆಲ್ಲ ಒಂದೇ ಮಾತು. ಇದೊಂದು ಉದ್ದ ಉಂಟು. ಒರತೆ ಅಂತ ಬರ್ತದೆ. ತಾಯಿ ಬೀಡಿ ಕಟ್ಟುವುದು ಬರ್ತದೆ, ಅವರು ಯಾವ ಲೆಕ್ಕದಲ್ಲೂ ಇಲ್ಲ ಅಂತ ಬರ್ತದೆ. ನಕಲು ವಿಚಾರಿಸುವ ಸಮಿತಿಯವರು ಎಂತ ಹೇಳ್ತಾರೆ ಗೊತ್ತುಂಟಾ? ಇವಳು ಬರೆದದ್ದು, ಉಳಿದವರು ಇವಳದ್ದು ನೋಡಿ ಬರೆದದ್ದು. ಮೂಲ ಇವಳೇ ಅಂತ.”

ತಾನೇ ಯೋಚಿಸಿ ಬರೆದವಳು ಒಬ್ಬಳೇ. ಸಂಶಯ ಬಂದದ್ದು ಅವಳ ಮೇಲೆ.

ಇಡೀ ತರಗತಿಯ ಫಲಿತಾಂಶವನ್ನು ತಡೆಹಿಡಿದರು. ಉಳಿದವರಿಗೆ ಆ ಪೇಪರು ಮತ್ತೆ ಬರೆದರೆ ಮುಗಿಯುತ್ತಿತ್ತು. ಅಶ್ವಿತಾಳನ್ನು ಮಾತ್ರ ಪರೀಕ್ಷೆಗಳಿಂದಲೇ ಹೊರಗಿಡುವ ಮಾತು ಬಂತು. ಅದೇ ವಾರ ಅವಳಿಗೆ ಎಂ.ಎ. ಸೀಟು ಸಿಕ್ಕಿದ ಸುದ್ದಿಯೂ ಬಂತು. ಅಂಕಪಟ್ಟಿಯನ್ನು ಜೂನ್ ಮುಗಿಯುವುದರೊಳಗೆ ತೋರಿಸಬೇಕಿತ್ತು.

ಅವಳ ತಾಯಿ ನಾರಾವಿಯಿಂದ ಕಾಲೇಜಿಗೆ ಬಂದರು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ. ತುಳುವಿನಲ್ಲೇ ಮಾತಾಡಬಹುದಿತ್ತು, ಸರ್ ಅವರಿಗೂ ಬರುತ್ತಿತ್ತು. ಆದರೆ ಅವರು ಕಾಲೇಜಿಗೆಂದು ಕನ್ನಡವನ್ನು ಜೋಡಿಸಿಕೊಂಡು ಬಂದಿದ್ದರು. “ಅವಳು ನೋಡಿ ಬರೆಯುವ ಮಗು ಅಲ್ಲ ಸರ್. ಕದಿಯುವುದು ನಮ್ಮಲ್ಲಿ ಇಲ್ಲ. ನೀವು ಒಂದು ಮಾತು ಹೇಳಿದರೆ ಆಗ್ತದಂತೆ.”

“ಹೇಳ್ತೇನೆ” ಎಂದರು ಸರ್. “ನೀವು ಕೂತ್ಕೊಳ್ಳಿ.”

ಅವರು ಕೂರಲಿಲ್ಲ. ಬಸ್ಸಿದೆ ಎಂದು ಹೊರಟರು.

ಜೂನ್ ಮೊದಲಿಗೆ ವಿಚಾರಣಾ ಸಮಿತಿ ಅದೇ ಮೂಡುಬಿದಿರೆಯ ಕೇಂದ್ರದಲ್ಲಿ ಕುಳಿತಿತು. ಸರ್ ಜೊತೆ ನಾನೂ ಹೋದೆ, ಸಾಕ್ಷಿಯಾಗಿ. ವೇಣೂರು ದಾಟುವಾಗ ಆ ವರ್ಷದ ಮೊದಲ ಮಳೆ ಬಂತು. ಬಸ್ಸಿನ ಟರ್ಪಾಲು ಇಳಿಸಿದರು. ಒಳಗೆ ಕತ್ತಲಾಯಿತು. ಸರ್ ಮಡಿಲಲ್ಲಿ ಗ್ರಾಫ್ ಹಾಳೆಗಳ ಸುರುಳಿ ಇಟ್ಟುಕೊಂಡಿದ್ದರು. ಗೋಡೆಯಿಂದ ತೆಗೆದು ತಂದದ್ದು. ಒದ್ದೆಯಾಗದಿರಲೆಂದು ಅದಕ್ಕೆ ಪ್ಲಾಸ್ಟಿಕ್ ಸುತ್ತಿದ್ದರು.

ಸಮಿತಿಯಲ್ಲಿ ಇದ್ದವರೆಲ್ಲ ನಮ್ಮ ಶಾಸ್ತ್ರದವರೇ. ಸರ್ ಹಾಳೆ ಬಿಡಿಸಿದರು, ಹಳ್ಳದ ಕಥೆ ಹೇಳಿದರು. ಆ ವಾಕ್ಯಗಳೆಲ್ಲ ತಮ್ಮವು, ತಾವೇ ಬರೆಸಿದ್ದು, ಒರತೆಯ ಮಾತನ್ನು ಮಾತ್ರ ಆ ಹುಡುಗಿ ಎಲ್ಲರ ಮುಂದೆಯೇ ಕೇಳಿದ್ದಳು ಎಂದರು. ಅವರು ಯಾರೂ ಅಡ್ಡ ಮಾತಾಡಲಿಲ್ಲ. ಒಬ್ಬರು ಚುಕ್ಕಿಗಳ ಹಾಳೆಯನ್ನು ಬಹಳ ಹೊತ್ತು ನೋಡಿದರು, ಒಂದು ವರ್ಷದ ಅಂಕಿಯನ್ನು ಕೇಳಿ ತಿಳಿದುಕೊಂಡರು. ನನಗೆ ಧೈರ್ಯ ಬಂತು.

ಚಹಾಕ್ಕೆ ಬಿಟ್ಟಾಗ ರಘುಚಂದ್ರ ಸರ್ ಜಗಲಿಗೆ ಬಂದರು. ಮಳೆಯ ಸದ್ದಿಗೆ ಹತ್ತಿರ ನಿಂತು ಮಾತಾಡಬೇಕಾಗಿತ್ತು. ನಾನು ಕೈಯಳತೆಯಲ್ಲಿದ್ದೆ.

“ಶಂಭು, ನಾವೆಲ್ಲ ಎಂತ ದಡ್ಡರಾ? ಗೆರೆ ಕಾಣುವುದಿಲ್ಲ ಅಂತ ನಮಗೂ ಗೊತ್ತುಂಟು ಮಾರಾಯ. ಒಳಗೆ ಇರುವ ಎಲ್ಲರಿಗೂ ಗೊತ್ತುಂಟು.”

“ಹಾಗಾದರೆ ಮುಗೀತಲ್ಲ.”

“ಹೇಗೆ ಮುಗೀತು? ನೀನು ಕಲಿಸಿದ್ದು ಸರಿ ಅಂತ ಸಮಿತಿ ಬರೆದರೆ ಸ್ಕೀಮ್ ತಪ್ಪು ಅಂತ ಆಯ್ತು. ಸ್ಕೀಮ್ ತಪ್ಪಾದರೆ ಎಲ್ಲ ಕಾಲೇಜಿನ ಕಟ್ಟುಗಳನ್ನೂ ಬಿಚ್ಚಿ ಮತ್ತೆ ನೋಡಬೇಕು. ಗೆರೆ ಎಳೆದವರಿಗೆ ಕೊಟ್ಟ ನಾಲ್ಕು ಅಂಕ ಎಂತ ಮಾಡುವುದು? ತಜ್ಞರ ಸಮಿತಿ ಆಗಬೇಕು, ಅದು ವರ್ಷ ಹಿಡೀತದೆ. ನಿನ್ನ ಹುಡುಗಿಗೆ ವರ್ಷ ಉಂಟಾ?”

ಸರ್ ಚಹಾದ ಲೋಟವನ್ನು ಜಗಲಿಯ ಅಂಚಿನಲ್ಲಿ ಇಟ್ಟರು. ರಘುಚಂದ್ರ ಸರ್ ಮುಂದುವರಿಸಿದರು.

“ಪಾಠದಲ್ಲಿ ತಪ್ಪಾಯ್ತು, ಮಕ್ಕಳದ್ದು ತಪ್ಪಿಲ್ಲ, ಅಂತ ಬರೆದುಕೊಡು. ಆ ಪ್ರಶ್ನೆಗೆ ಎಲ್ಲರಿಗೂ ಸರಾಸರಿ ಅಂಕ ಹಾಕ್ತೇವೆ. ನಾಳೆಯೇ ರಿಸಲ್ಟು ಬಿಡಿಸ್ತೇನೆ. ನಿನಗೆ ಎಂತದೂ ಆಗ್ಲಿಕ್ಕಿಲ್ಲ, ರಿಟೈರ್ ಆಗ್ಲಿಕ್ಕೆ ಬಂತು. ಒಂದು ಮೆಮೊ ಬಂದೀತು, ಅಷ್ಟೆ.”

“ಪಠ್ಯದಲ್ಲಿ ಇಲ್ಲದ್ದನ್ನು ಕಲಿಸಿದೆ ಅಂತ ಬರೀತೇನೆ. ತಪ್ಪು ಅಂತ ಹೇಗೆ ಬರೆಯುವುದು?”

“ಪಠ್ಯದಲ್ಲಿ ಇಲ್ಲದ್ದು ಅಂದರೆ ಸರಿಯೂ ಇರಬಹುದು ಅಂತ ಆಗ್ತದೆ. ತಪ್ಪು ಅಂತಲೇ ಬೇಕು.” ರಘುಚಂದ್ರ ಸರ್ ತಮ್ಮ ಚಹಾದ ಲೋಟವನ್ನು ಮಳೆಗೆ ಹಿಡಿದು ತೊಳೆದರು. “ನನ್ನನ್ನು ಬೈಯಬೇಡ. ನಾನೂ ಪೆನ್ಶನಿನ ಹತ್ತಿರ ಬಂದವನೇ.”

ಒಳಗೆ ಹೋಗಿ ಸರ್ ಬಿಳಿ ಹಾಳೆ ಕೇಳಿ ತೆಗೆದುಕೊಂಡರು. ಬರೆಯುವಾಗ ನಾನು ಅವರ ಕೈ ನೋಡಿದೆ. ಆ ರೇಖೆ ಎಳೆಯುತ್ತಿದ್ದ ಕೈ. ಅಕ್ಷರಗಳು ಎಂದಿನ ಹಾಗೆ ದುಂಡಾಗಿ, ಸಮನಾಗಿ ಬಂದವು. ಬರೆದು, ಒಮ್ಮೆ ಓದಿ, ಸಹಿ ಹಾಕಿ ಕೊಟ್ಟರು. ಸಮಿತಿಯವರು ಎದ್ದು ನಿಂತು ಅವರಿಗೆ ಕೈಮುಗಿದರು. ಗೌರವದಿಂದಲೇ ಮುಗಿದರು. ನನ್ನನ್ನು ಇಂದಿಗೂ ಅಲುಗಾಡಿಸುವುದು ಅದೇ. ಆ ಕೋಣೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಗೆರೆ ಕಾಣುತ್ತದೆ ಎಂದು ನಂಬಿದವರೂ ಯಾರೂ ಇರಲಿಲ್ಲ.

ಗ್ರಾಫ್ ಹಾಳೆಗಳ ಸುರುಳಿ ಅಲ್ಲೇ ಮೇಜಿನ ಮೇಲೆ ಉಳಿಯಿತು. ಬಸ್ಸು ಹತ್ತಿದ ಮೇಲೆ ನಾನು ನೆನಪಿಸಿದೆ. “ಇರಲಿ” ಎಂದರು.

ರಿಸಲ್ಟ್ ಬಂತು. ಅಶ್ವಿತಾಳಿಗೆ ಮೊದಲ ದರ್ಜೆ. ಹೊರಡುವ ಮೊದಲು ಅವಳು ಸ್ಟಾಫ್ ರೂಮಿಗೆ ಬಂದಳು. ಸರ್ ಬರೆದುಕೊಟ್ಟದ್ದು ಅಷ್ಟರಲ್ಲಿ ಕಾಲೇಜಿಗೆಲ್ಲ ಗೊತ್ತಾಗಿತ್ತು. ಅವರ ಪುಸ್ತಕಗಳನ್ನು ಮೇಜಿನ ಮೇಲೆ ಇಟ್ಟು ನಿಂತಳು.

“ಇಟ್ಕೊ. ನಿನಗೇ ಬೇಕಾಗ್ತದೆ” ಎಂದರು ಸರ್.

“ಸರ್, ನೀವು ಬರೆದುಕೊಟ್ಟದ್ದು ಸತ್ಯವಾ?”

ಸರ್ ಪುಸ್ತಕಗಳನ್ನು ಅವಳ ಕಡೆಗೆ ಸರಿಸಿ ಹೇಳಿದರು. “ಸಂಶಯವನ್ನು ನೋಟ್ಸಿನ ಹಾಗೆ ಬರೆಸಿದೆನಲ್ಲ, ಅದು ತಪ್ಪೇ. ಅಷ್ಟು ಸತ್ಯ.”

“ಉಳಿದದ್ದು?”

“ಉಳಿದದ್ದನ್ನು ನೀನು ಹೋಗಿ ನೋಡು. ಅದಕ್ಕೇ ಅಲ್ಲವಾ ನಿನ್ನನ್ನು ಕಳಿಸ್ತಾ ಇರುವುದು?”

ಅವಳು ಅವರ ಕಾಲಿಗೆ ನಮಸ್ಕಾರ ಮಾಡಿ ಹೋದಳು. ಪುಸ್ತಕಗಳನ್ನು ತೆಗೆದುಕೊಂಡಳು.

ಮುಂದಿನ ತಂಡಕ್ಕೆ ಅದೇ ಪಾಠ ಬಂದ ದಿನ ನಾನು ಪಕ್ಕದ ಕೋಣೆಯಲ್ಲಿದ್ದೆ. ಚಪ್ಪಾಳೆ ಕೇಳಿತು. ಏನೋ ನೆವ ಮಾಡಿ ಹೊರಗೆ ಬಂದು ಕಿಟಕಿಯಲ್ಲಿ ನೋಡಿದೆ. ಬೋರ್ಡಿನ ಮೇಲೆ ರೇಖೆ ಇತ್ತು, ಹಿಂದಿನ ಎಲ್ಲ ವರ್ಷಗಳಷ್ಟೇ ಚಂದವಾಗಿ. ಸರ್ ಚಾಕ್‌ಪೀಸನ್ನು ಕೆಳಗಿಟ್ಟಿದ್ದರು. ಆದರೆ ತಿರುಗಿರಲಿಲ್ಲ. ಬೋರ್ಡಿಗೆ ಮುಖ ಮಾಡಿ ನಿಂತೇ ಇದ್ದರು. ಚಪ್ಪಾಳೆ ನಿಂತಿತು. ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೂ ಸ್ವಲ್ಪ ಹೊತ್ತು ಅವರು ತಿರುಗಲಿಲ್ಲ. ನಾನು ಅಲ್ಲಿಂದ ಹೊರಟುಬಂದೆ.

ಅವರು ನಿವೃತ್ತರಾದರು. ಈಗ ಬಿ.ಸಿ. ರೋಡಿನಲ್ಲಿ ಬ್ಯಾಂಕ್ ಪರೀಕ್ಷೆಗೆ ತರಬೇತಿ ಕೊಡುವ ಒಂದು ಕಡೆ ವಾರಕ್ಕೆರಡು ದಿನ ಪಾಠ ಮಾಡುತ್ತಾರೆ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. “ಸುಲಭದ ಕೆಲಸ ಶೈಲಾ” ಎಂದರು. “ನಾಲ್ಕರಲ್ಲಿ ಯಾವುದಕ್ಕೆ ಗುರುತು ಹಾಕಬೇಕು ಅಂತ ಹೇಳಿದರೆ ಸಾಕು. ಯಾಕೆ ಅಂತ ಹೇಳ್ಲಿಕ್ಕಿಲ್ಲ.” ಕಿಂಡಿ ಅಣೆಕಟ್ಟಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಮ್ಮ ಕಾಲೇಜಿನಲ್ಲಿ ಈಗ ಅರ್ಥಶಾಸ್ತ್ರಕ್ಕೆ ಇರುವುದು ನಾನೊಬ್ಬಳೇ. ಹೊಸ ತಂಡ ಆಗುವಷ್ಟು ಮಕ್ಕಳು ಸೇರುತ್ತಾರೋ ಇಲ್ಲವೋ ಎಂದು ಪ್ರತಿ ಜೂನ್‌ನಲ್ಲಿ ಕಾಯುತ್ತೇನೆ.

ಈ ಮೇ ತಿಂಗಳಲ್ಲಿ ಆ ಹಾಲ್‌ಗೆ ಹೋದಾಗ ಪಕ್ಕದ ಮೇಜಿನಲ್ಲಿ ಕುಳಿತಿದ್ದವಳು ಅಶ್ವಿತಾ. ಎಂ.ಎ. ಮುಗಿಸಿ, ಮುಂದೆ ಸಂಶೋಧನೆಗೆ ಎಲ್ಲೂ ಸೀಟು ಆಗದೆ, ಉಜಿರೆಯಲ್ಲಿ ರೂಮು ಮಾಡಿಕೊಂಡು ಹತ್ತಿರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. ಕೆಲಸ ಮುಂದಿನ ವರ್ಷಕ್ಕೂ ಇರುತ್ತದೆಯೇ ಎಂಬುದು ಅವಳಿಗೆ ಗೊತ್ತಿಲ್ಲ. ಸರ್ ಹೇಗಿದ್ದಾರೆ ಎಂದು ಕೇಳಿದಳು. ಚೆನ್ನಾಗಿದ್ದಾರೆ ಎಂದೆ. ಇಬ್ಬರೂ ಕಟ್ಟು ಬಿಚ್ಚಿದೆವು.

ಆ ಪ್ರಶ್ನೆ ಈ ವರ್ಷವೂ ಇತ್ತು. ಸ್ಕೀಮಿನಲ್ಲಿ ಚಿತ್ರಕ್ಕೆ ಈಗಲೂ ನಾಲ್ಕು ಅಂಕ. ಅವಳ ಕೆಂಪು ಪೆನ್ನು ಒಂದೊಂದು ರೇಖೆಯ ಪಕ್ಕದಲ್ಲೂ ನಾಲ್ಕು ಬರೆಯುತ್ತಾ ಹೋಯಿತು. ಅವಳು ಕಣ್ಣೆತ್ತಲಿಲ್ಲ. ನಾನು ನೋಡುತ್ತಿರುವುದು ಅವಳಿಗೆ ತಿಳಿಯಿತು ಎಂದು ಕಾಣುತ್ತದೆ.

“ನಾನೂ ಕ್ಲಾಸಿನಲ್ಲಿ ಗೆರೆಯೇ ಎಳೆಯುವುದು ಮೇಡಂ” ಎಂದಳು. “ಎಳೆದ ಕೂಡಲೇ ತಿರುಗ್ಲಿಕ್ಕೆ ಆಗುವುದಿಲ್ಲ. ಹಿಂದಿನಿಂದ ಯಾರಾದರೂ ಕೇಳಿದರೆ ಎಂತ ಹೇಳುವುದು ಅಂತ ಬೋರ್ಡು ನೋಡ್ತಾ ನಿಲ್ತೇನೆ.”

“ಕೇಳಿದ್ದಾರಾ?”

ಅವಳು ಹಾಳೆ ತಿರುವಿದಳು.

“ಇಷ್ಟರವರೆಗೆ ಇಲ್ಲ.”